ನೈರೋಬಿಯ ಬಾಣಂತನ ಮತ್ತು ಗೋಡೆಯಾಚೆಯ ಕೂಸು

ಹೊಸದುರ್ಗ

ಆಫ್ರಿಕಾಕ್ಕೆ ಹೋಗಿ ಬಂದೆ ಎಂದ ಕೂಡಲೇ ನಮ್ಮ ಹೊಸದುರ್ಗದಲ್ಲಿ ಎಲ್ಲರೂ ಕೇಳುವುದು ಸಿಂಹದ ವಿಷಯ. ಎಷ್ಟು ಹತ್ತಿರದಿಂದ ನೋಡಿದಿರಿ, ಫೋಟೊ ತೆಗೆದಿರಾ, ಹೆದರಿಕೆ ಆಗಲಿಲ್ಲವಾ. ನಾನು ಸಿಂಹ ನೋಡಲಿಲ್ಲ, ಜಿರಾಫೆಯನ್ನೂ ನೋಡಲಿಲ್ಲ. ಜಿರಾಫೆಯ ಚಿತ್ರವಿದ್ದ ಕಪ್ಪಿನಲ್ಲಿ ದಿನಾ ಕಾಫಿ ಕುಡಿದೆ, ಅಷ್ಟೇ. ನಾನು ಹೋಗಿದ್ದು ಬಾಣಂತನಕ್ಕೆ. ಬಾಣಂತನಕ್ಕೆ ಹೋದವಳು ಊರು ನೋಡುವುದಿಲ್ಲ. ಒಲೆ, ಬಚ್ಚಲು, ತೊಟ್ಟಿಲು ನೋಡುತ್ತಾಳೆ. ಹೆದರಿಕೆಯ ಪ್ರಶ್ನೆಗೆ ಮಾತ್ರ ನನ್ನ ಹತ್ತಿರ ಉತ್ತರವಿದೆ. ಆಯಿತು.

ಹೊಳಲ್ಕೆರೆಯಲ್ಲಿರುವ ನನ್ನ ತಂಗಿಯ ಮಗಳು ಪವಿತ್ರಾ. ಅವಳ ಗಂಡ ಮಂಜುನಾಥ ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯವನು. ಬೋರ್‌ವೆಲ್ ಲಾರಿಯಲ್ಲಿ ಪೈಪು ಜೋಡಿಸುವ ಕೆಲಸಕ್ಕೆ ಸೇರಿ, ಕೊರೆಯುವ ಯಂತ್ರದ ನಟ್ಟು ಬೋಲ್ಟೆಲ್ಲ ಕಲಿತುಕೊಂಡು, ಈಗ ಕೀನ್ಯಾದಲ್ಲಿ ಬೋರು ಕೊರೆಯುವ ಒಂದು ಕಂಪನಿಯಲ್ಲಿ ಮೇಲ್ವಿಚಾರಕನಾಗಿದ್ದಾನೆ. ಪವಿತ್ರಾಳಿಗೆ ಹೆರಿಗೆ ಹತ್ತಿರ ಬಂದ ಹೊತ್ತಿಗೇ ನನ್ನ ತಂಗಿಗೆ ಮಂಡಿ ಆಪರೇಷನ್ ಆಯಿತು. ನಮ್ಮ ಬಳಗದಲ್ಲಿ ಬಾಣಂತನ ಎಂದರೆ ಮೊದಲಿಂದಲೂ ನನ್ನ ಹೆಸರೇ ಬರುತ್ತದೆ. ಬಳೆ ಅಂಗಡಿಯನ್ನು ಯಜಮಾನರಿಗೆ ಒಪ್ಪಿಸಿ ಹೊರಟೆ. ನಮ್ಮ ಯಜಮಾನರು ಬಸ್‌ಸ್ಟ್ಯಾಂಡಿನಲ್ಲಿ ಕೈ ಬೀಸುತ್ತಾ, ಆ ದೇಶದವರಿಗೆ ನಿನ್ನ ಬಾಯಿಂದ ಏನೂ ಆಗದಿರಲಿ ಎಂದು ಹರಸಿದರು.

ಸೂಟ್‌ಕೇಸಿನಲ್ಲಿ ಓಮ, ಒಣಶುಂಠಿ, ಬಾಣಂತಿ ಖಾರದ ಪುಡಿ, ಹರಳೆಣ್ಣೆ, ಬಜೆ, ಸಾಂಬ್ರಾಣಿ, ಮೆತ್ತಗಾದ ಹಳೆ ಸೀರೆಗಳು. ನೈರೋಬಿಯ ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ಬಜೆಯ ಕೊಂಬನ್ನು ಹಿಡಿದು ತಿರುಗಿಸಿ ನೋಡಿದ, ಮೂಸಿದ, ಇನ್ನೊಬ್ಬನನ್ನು ಕರೆದ. ನಾನು ತೋಳಲ್ಲಿ ಮಗು ತೂಗುವಂತೆ ಮಾಡಿ, ನಾಲಿಗೆ ಚಾಚಿ, ಅದರ ಮೇಲೆ ಬಜೆ ತೇಯ್ದು ನೆಕ್ಕಿಸುವುದನ್ನು ಅಭಿನಯಿಸಿ ತೋರಿಸಿದೆ. ಅವನು ನಕ್ಕು ಬಿಟ್ಟುಬಿಟ್ಟ. ಆ ನಗುವನ್ನು ಇಲ್ಲಿ ಬರೆಯಲು ಕಾರಣವಿದೆ. ಅದಾದ ಮೇಲೆ ನಾನು ನೋಡಿದ ಮುಖಗಳು ಬಹಳ ಕಡಿಮೆ.

ಗೇಟಿನ ಒಳಗೆ

ಕಂಪನಿ ಮಂಜುನಾಥನಿಗೆ ಕೊಟ್ಟ ಮನೆ ಒಂದು ದೊಡ್ಡ ಗೋಡೆಯ ಒಳಗಿತ್ತು. ಇಂಥ ಗೋಡೆಯೊಳಗಿನ ಬಡಾವಣೆಗೆ ಅಲ್ಲಿ ಎಸ್ಟೇಟು ಎನ್ನುತ್ತಾರೆ. ಮೊದಲು ಒಂದು ಗೇಟು, ಕಾವಲುಗಾರ. ಸ್ವಲ್ಪ ದೂರ ಹೋದರೆ ಇನ್ನೊಂದು ಗೇಟು, ಇನ್ನೊಬ್ಬ ಕಾವಲುಗಾರ. ಆಮೇಲೆ ಪ್ರತಿ ಮನೆಗೂ ಅದರದೇ ಗೇಟು. ದುರ್ಗದ ಏಳು ಸುತ್ತಿನ ಕೋಟೆ ನೋಡಿ ಬೆಳೆದವಳಿಗೆ ಗೋಡೆ ಹೊಸದಲ್ಲ. ಆದರೆ ನಮ್ಮ ಕೋಟೆಯೊಳಗೆ ಎಣ್ಣೆಕೊಳ, ಕಣಜ, ಕುದುರೆಲಾಯ ಎಲ್ಲಾ ಇದ್ದವು. ಗಾಣ ತಿರುಗಿಸುವವನೂ ಕುದುರೆಗೆ ಹುಲ್ಲು ಹಾಕುವವನೂ ರಾಜನ ಜೊತೆ ಗೋಡೆಯ ಒಳಗೇ ಮಲಗುತ್ತಿದ್ದರು. ಇಲ್ಲಿ ಕೆಲಸ ಮಾಡುವವರೆಲ್ಲ ಸಂಜೆಯಾದರೆ ಹೊರಗೆ ಹೋಗಿಬಿಡಬೇಕು.

ಕರಿಯರು ಬಿಳಿಯರು ಎಂದು ಬೇರೆ ಬೇರೆ ಇರುತ್ತಾರೇನೋ ಎಂದುಕೊಂಡು ಹೋಗಿದ್ದೆ. ಒಳಗೆ ಎಲ್ಲ ಬಣ್ಣದವರೂ ಇದ್ದರು, ನಮ್ಮ ಕಡೆಯ ಬಣ್ಣವೂ ಸೇರಿದಂತೆ. ಬಾಡಿಗೆ ಕಟ್ಟುವ ಶಕ್ತಿ ಒಂದಿದ್ದರೆ ಸಾಕು, ಉಳಿದದ್ದನ್ನು ಯಾರೂ ಕೇಳುವುದಿಲ್ಲ.

ಇದ್ದರು ಎಂದು ಬರೆದೆನಲ್ಲ, ಅದೂ ಅಂದಾಜು. ಹಾಡುಹಗಲಲ್ಲಿ ರಸ್ತೆಗಳು ಖಾಲಿ. ಹುಲ್ಲು ಕತ್ತರಿಸಿಟ್ಟ ಹಾಗಿತ್ತು, ನೀರಿನ ಕಾರಂಜಿ ತಾನೇ ಶುರುವಾಗಿ ತಾನೇ ನಿಲ್ಲುತ್ತಿತ್ತು, ಕಾರುಗಳು ಕಪ್ಪು ಗಾಜು ಏರಿಸಿಕೊಂಡು ಸದ್ದಿಲ್ಲದೆ ಹೋಗುತ್ತಿದ್ದವು. ಎದುರು ಮನೆಯ ಜಗಲಿಯ ಮೇಲೆ ಒಂದು ಕುರ್ಚಿ ಇತ್ತು. ಅದರ ಮೇಲಿನ ದಿಂಬು ಒಂದು ದಿನ ಕೆಂಪು, ಒಂದು ದಿನ ನೀಲಿ ಇರುತ್ತಿತ್ತು. ಕೂತವರನ್ನು ನಾನು ಒಂದು ದಿನವೂ ನೋಡಲಿಲ್ಲ. ಹೊಸದುರ್ಗದಲ್ಲಿ ನಾನು ಹೊಸ್ತಿಲು ದಾಟಿದರೆ ಸಾಕು, ಎಲ್ಲಿಗೆ ಹೊರಟಿರಿ ಎಂದು ಮೂರು ಮನೆಯವರು ಕೇಳುತ್ತಾರೆ. ಬೈದುಕೊಳ್ಳುತ್ತಿದ್ದೆ ಅದಕ್ಕೆ.

ಸಕ್ಕರೆ ಹಂಚಿದ ದಿನ

ಹೆಣ್ಣು ಮಗು ಹುಟ್ಟಿತು. ಹೆರಿಗೆ ಸಲೀಸಾಯಿತು. ಪವಿತ್ರಾ ಮನೆಗೆ ಬಂದ ದಿನ ಬಿಸಿನೀರು ಹಾಕಿ, ಮಗುವಿಗೆ ಕೆಂಡದ ಮೇಲೆ ಸಾಂಬ್ರಾಣಿ ಹೊಗೆ ಹಾಕಿದೆ. ಮನೆಯ ಚಾವಣಿ ಕಿರುಚಿಕೊಂಡಿತು. ಹೊಗೆ ಕಂಡರೆ ಕೂಗುವ ಯಂತ್ರವಂತೆ. ಕಿಟಕಿ ತೆರೆದೆ, ಹೊಗೆ ಬುಸುಬುಸು ಹೊರಗೆ ಹೋಯಿತು. ಇಬ್ಬರು ಕಾವಲುಗಾರರು ಬಂದು ಒಂದು ಗುಂಡಿ ಒತ್ತಿ, ನನ್ನ ಧೂಪದ ಬಟ್ಟಲಿಗೆ ನೀರು ಸುರಿದು ಹೋದರು. ನನಗೆ ಆಶ್ಚರ್ಯವಾಗಿದ್ದು ಅದಲ್ಲ. ಅಷ್ಟು ಹೊಗೆ ಬಂದರೂ ಅಕ್ಕಪಕ್ಕದ ಒಂದು ಕಿಟಕಿಯ ಪರದೆಯೂ ಅಲುಗಲಿಲ್ಲ.

ಮಾರನೆಯ ದಿನ ಸಕ್ಕರೆ, ಕೊಬ್ಬರಿ ಪೊಟ್ಟಣ ಕಟ್ಟಿಕೊಂಡು ಬೀದಿಯ ಮನೆಮನೆಗೂ ಹೋದೆ. ಮಗು ಹುಟ್ಟಿದರೆ ನಾವು ಮಾಡುವುದೇ ಹಾಗೆ. ಗಂಟೆ ಒತ್ತಿದರೆ ಗೋಡೆಯಲ್ಲಿದ್ದ ಡಬ್ಬಿಯೊಳಗಿಂದ ದನಿ ಬರುತ್ತಿತ್ತು, ಬಾಗಿಲು ತೆರೆಯುತ್ತಿರಲಿಲ್ಲ. ನಾನು ಬೇಬಿ, ಬೇಬಿ, ಸ್ವೀಟ್ ಎನ್ನುತ್ತಿದ್ದೆ. ಅಲ್ಲೇ ಇಡಿ ಎನ್ನುತ್ತಿತ್ತು ದನಿ. ಎಲ್ಲ ಗೇಟುಗಳಿಗೂ ಪೊಟ್ಟಣ ಸಿಕ್ಕಿಸಿ ಬಂದೆ. ಮರುದಿನ ಬೆಳಿಗ್ಗೆ ಕಾವಲುಗಾರನೊಬ್ಬ ಒಂದು ಬುಟ್ಟಿ ತಂದು ನಮ್ಮ ಮೆಟ್ಟಿಲ ಮೇಲಿಟ್ಟ. ಅಷ್ಟೂ ಪೊಟ್ಟಣ ಅದರಲ್ಲಿದ್ದವು. ಪ್ರತಿಯೊಂದನ್ನೂ ಬಿಚ್ಚಿ, ನೋಡಿ, ಮತ್ತೆ ಮಡಚಿದ್ದರು. ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಮೈ ಜುಮ್ಮೆಂದಿತು. ಒಬ್ಬರೂ ಒಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಂಡಿರಲಿಲ್ಲ.

ಹಿತ್ತಿಲ ಗೋಡೆ

ಮನೆಯ ಹಿಂದೆ ಸಣ್ಣ ಹಿತ್ತಿಲು, ಅದರ ಕೊನೆಗೆ ಎಸ್ಟೇಟಿನ ಗೋಡೆ. ಕಲ್ಲಿನದು, ಎರಡಾಳೆತ್ತರ, ಮೇಲೆ ಕರೆಂಟಿನ ತಂತಿ, ಮೈತುಂಬ ಕಾಗದದ ಹೂವಿನ ಬಳ್ಳಿ. ನಾನು ಬಟ್ಟೆ ಒಣಹಾಕಲು ಹೋದಾಗ ಅದರ ಆಚೆಯಿಂದ ಸದ್ದು ಬರುತ್ತಿತ್ತು. ಹುಂಜ ಕೂಗುತ್ತಿತ್ತು. ಯಾರೋ ತಗಡು ಬಡಿಯುತ್ತಿದ್ದರು. ರೇಡಿಯೊದಲ್ಲಿ ಹಾಡು. ಮತ್ತೆ ಬಿಸಿಲೇರುವ ಹೊತ್ತಿಗೆ ಒಂದು ಎಳೆ ಕೂಸಿನ ಅಳು.

ಆಚೆ ಯಾವ ಊರು ಎಂದು ಮಂಜುನಾಥನನ್ನು ಕೇಳಿದೆ.

"ಏನೂ ಇಲ್ಲ ಅತ್ತೆ. ಖಾಲಿ ಜಾಗ" ಎಂದ. ಫೋನಿನಲ್ಲಿ ನಕ್ಷೆ ತೆಗೆದು ತೋರಿಸಿದ. ನಮ್ಮ ಎಸ್ಟೇಟಿನ ಬೀದಿ ಬೀದಿಗೂ ಹೆಸರಿತ್ತು. ಗೋಡೆಯ ಆಚೆ ಬರೀ ಬೂದಿ ಬಣ್ಣ. ಹುಂಜ ಕೂಗಿತಲ್ಲಪ್ಪ ಎಂದರೆ, ಯಾವ ಹುಂಜ ಎಂದು ನನ್ನ ಮುಖ ನೋಡಿದ. ತಮಾಷೆ ಮಾಡುತ್ತಿರಲಿಲ್ಲ. ಮಂಜುನಾಥನಿಗೆ ಸುಳ್ಳು ಹೇಳಲು ಬರುವುದಿಲ್ಲ, ಹೇಳಿದರೆ ಕಿವಿ ಕೆಂಪಗಾಗುತ್ತದೆ.

ನನಗೆ ಭ್ರಮೆಯೋ ಎಂದುಕೊಂಡೆ. ದೇಶ ಬದಲಾದರೆ ಪಿತ್ತ ಏರುತ್ತದೆ. ಆದರೆ ಒಂದು ದಿನ ಪವಿತ್ರಾಳ ತಲೆಗೆ ಎಣ್ಣೆ ಒತ್ತುತ್ತಿದ್ದೆ. ಅವಳ ಮಗು ಹೊಟ್ಟೆ ತುಂಬಿ ಮಲಗಿತ್ತು. ಗೋಡೆಯಾಚೆ ಕೂಸು ಅತ್ತಿತು. ನೋಡುತ್ತಿದ್ದ ಹಾಗೇ ಪವಿತ್ರಾಳ ರವಿಕೆ ಒದ್ದೆಯಾಯಿತು. ಕೂಸಿನ ಅಳು ಕೇಳಿದರೆ ಬಾಣಂತಿಗೆ ಹಾಲು ಸೊರೆ ಬಿಡುವುದು ಸಹಜ. ಕೇಳಿಸ್ತಾ ಐತಲ್ಲ ನಿನಗೂ, ಎಂದೆ.

"ಏನು? ನಂಗೇನೂ ಕೇಳಿಸ್ಲಿಲ್ಲ ದೊಡ್ಡಮ್ಮ" ಎಂದಳು, ಒದ್ದೆಯಾದ ರವಿಕೆಯನ್ನು ಆಶ್ಚರ್ಯದಿಂದ ನೋಡಿಕೊಳ್ಳುತ್ತಾ.

ನಾನು ಎಣ್ಣೆ ಬಟ್ಟಲು ಕೆಳಗಿಟ್ಟೆ. ಆಗ ಬಾಗಿಲ ಹತ್ತಿರ ನೆಲ ಒರೆಸುತ್ತಿದ್ದ ಹೆಂಗಸಿನ ಮೇಲೆ ಕಣ್ಣು ಹೋಯಿತು. ಅವಳ ಹೆಸರು ಅಕಿನಿ, ಮನೆಗೆಲಸಕ್ಕೆ ಬರುತ್ತಿದ್ದಳು, ಮಾತು ಕಡಿಮೆ. ಅವಳು ಒರೆಸುವುದನ್ನು ನಿಲ್ಲಿಸಿ ಹಿತ್ತಿಲ ಕಡೆ ಮುಖ ಮಾಡಿ ಕೂತಿದ್ದಳು. ಅವಳ ನೀಲಿ ಅಂಗಿಯ ಎದೆಯ ಮೇಲೂ ಎರಡು ಒದ್ದೆ ಕಲೆಗಳಿದ್ದವು.

ಕಿಂಡಿ

ಅವಳು ಬಕೆಟ್ಟು ಅಲ್ಲೇ ಬಿಟ್ಟು ಎದ್ದು ಹೋದಳು. ನಾನು ಹಿಂದೆಯೇ ಹೋದೆ. ಹಿತ್ತಿಲುಗಳ ಹಿಂದಿನ ಓಣಿಯಲ್ಲಿ ಗೋಡೆಗೆ ಒಂದು ಸಣ್ಣ ಕಬ್ಬಿಣದ ಬಾಗಿಲಿತ್ತು, ತಲೆ ತಗ್ಗಿಸಿ ನುಸುಳುವಷ್ಟು. ದುರ್ಗದವರಿಗೆ ಕಿಂಡಿ ಎಂದರೆ ಏನು ನೆನಪಾಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಒನಕೆ ಇಲ್ಲದೆ ನಾನೂ ನುಸುಳಿದೆ.

ಆಚೆ ಕಡೆ ಕಣ್ಣು ಹಾಯುವವರೆಗೂ ತಗಡಿನ ಮನೆಗಳು. ಒಂದಕ್ಕೊಂದು ಅಂಟಿಕೊಂಡು, ನಡುವೆ ಒಬ್ಬರು ನಡೆಯುವಷ್ಟು ದಾರಿ, ದಾರಿಯ ಮಧ್ಯೆ ಕೊಳಚೆ ನೀರು. ಜನವೋ ಜನ. ನಾನು ಆ ದೇಶಕ್ಕೆ ಬಂದು ಮೊದಲ ಸಲ ಜನ ನೋಡಿದೆ. ಹಿಟ್ಟಿನ ಉಂಡೆ ಕರಿಯುತ್ತಿದ್ದ ಮುದುಕಿಯೊಬ್ಬಳು ನನ್ನ ಸೀರೆಯ ಸೆರಗು ಹಿಡಿದು, ಎಳೆದು, ಗುಣಮಟ್ಟ ನೋಡಿ, ತಲೆಯಾಡಿಸಿದಳು. ನಮ್ಮೂರ ಸಂತೆಯಲ್ಲಿ ನಿಂತ ಹಾಗೆ ಆಯಿತು. ಅಕಿನಿ ಒಂದು ಮನೆಯೊಳಗೆ ಹೋಗಿ ಕೂಸನ್ನು ಎದೆಗೆ ಹಾಕಿಕೊಂಡು ಕೂತಳು. ಗಂಡು ಕೂಸು, ಬರಾಕಾ ಎಂದು ಹೆಸರು. ನಮ್ಮ ಪವಿತ್ರಾಳ ಮಗುವಿಗಿಂತ ಸ್ವಲ್ಪ ದೊಡ್ಡದು. ಪಕ್ಕದ ಮನೆಯ ಹೆಂಗಸು ನೋಡಿಕೊಳ್ಳುತ್ತಿದ್ದಳು. ಅತ್ತಾಗ ಅಕಿನಿ ಕಿಂಡಿಯಿಂದ ಓಡಿ ಬಂದು ಹಾಲು ಕೊಟ್ಟು ಮತ್ತೆ ಓಡುತ್ತಿದ್ದಳು. ಅಷ್ಟೇ ಅವರ ಏರ್ಪಾಡು.

ಅಲ್ಲಿಂದ ತಿರುಗಿ ನೋಡಿದೆ. ಗೋಡೆಯ ಆ ಮುಖಕ್ಕೆ ಬಳ್ಳಿಯಿಲ್ಲ, ಬರೀ ಕಲ್ಲು. ಮೇಲೆ ನಮ್ಮ ಮನೆಯ ಚಾವಣಿ ಕಾಣುತ್ತಿತ್ತು. ಅಷ್ಟು ಹತ್ತಿರ.

ಇದಾದ ಸ್ವಲ್ಪ ದಿನಕ್ಕೆ ಭದ್ರತೆಯ ದೃಷ್ಟಿಯಿಂದ ಎಂದು ಹೇಳಿ ಎಸ್ಟೇಟಿನ ಸಂಘದವರು ಕಿಂಡಿ ಮುಚ್ಚಿಸಿದರು. ಅದೇ ಬಣ್ಣದ ಕಲ್ಲು ತಂದು ಕಟ್ಟಿ, ಮೇಲೆ ಅದೇ ಬಳ್ಳಿ ಹಬ್ಬಿಸಿದರು. ಎಲ್ಲಿತ್ತು ಎಂದು ಹುಡುಕಿದರೆ ನನಗೇ ಸಿಗಲಿಲ್ಲ. ಓಣಿಯಲ್ಲಿದ್ದ ಕಾವಲುಗಾರನನ್ನು ಕೇಳಿದೆ, ಇಲ್ಲೊಂದು ಬಾಗಿಲಿತ್ತಲ್ಲ. ದಿನಾ ಅದರ ಪಕ್ಕದಲ್ಲೇ ನಿಲ್ಲುತ್ತಿದ್ದವನು ಅವನು. ನೋ ಡೋರ್ ಮಾಮಾ, ಎಂದ. ಅಲ್ಲಿ ಮಾಮಾ ಎಂದರೆ ಅಮ್ಮ. ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ ಹೇಳಿದ.

ಬಾಣಂತಿ ಕೋಣೆ

ಈಗ ಅಕಿನಿ ದೊಡ್ಡ ಗೇಟಿನಿಂದ ಬರಬೇಕಾಗಿತ್ತು. ಸುತ್ತು ಬಹಳ. ಒಮ್ಮೆ ಬಂದರೆ ಸಂಜೆಯವರೆಗೆ ಹೋಗುವಂತಿಲ್ಲ. ಕೆಲಸದವರು ಮಕ್ಕಳನ್ನು ಒಳಗೆ ತರುವಂತಿಲ್ಲ, ಅದು ನಿಯಮ. ಗೋಡೆಯಾಚೆ ಬರಾಕಾ ಅಳುತ್ತಿದ್ದ. ಅಕಿನಿ ಗೋಡೆಯ ಹತ್ತಿರ ಹೋಗಿ ಕಲ್ಲಿಗೆ ಅಂಗೈ ಒತ್ತಿಕೊಂಡು ನಿಲ್ಲುತ್ತಿದ್ದಳು. ಆಮೇಲೆ ಬಚ್ಚಲಿಗೆ ಹೋಗಿ ಹಾಲು ಹಿಂಡಿ ಚೆಲ್ಲಿ ಬರುತ್ತಿದ್ದಳು. ಅವನು ಇಳಿದು ಹೋಗುತ್ತಿದ್ದಾನೆ, ಗಂಜಿ ನೀರು ಒಗ್ಗುತ್ತಿಲ್ಲ ಎಂದು ಪವಿತ್ರಾಳ ಮೂಲಕ ನನಗೆ ಹೇಳಿದಳು. ಜಗತ್ತಿನಲ್ಲಿ ನನಗೆ ಗೊತ್ತಿರುವುದು ಒಂದೇ ವಿದ್ಯೆ, ಕೂಸುಗಳನ್ನು ಬದುಕಿಸಿಕೊಳ್ಳುವುದು. ಸುಮ್ಮನೆ ಕೂರಲಿಕ್ಕೆ ನನ್ನಿಂದ ಆಗಲಿಲ್ಲ.

ಮನೆಯವರ ಕಾರುಗಳನ್ನು ಗೇಟಿನಲ್ಲಿ ಯಾರೂ ತಡೆಯುವುದಿಲ್ಲ ಎಂಬುದನ್ನು ನೋಡಿಟ್ಟುಕೊಂಡಿದ್ದೆ. ಮಂಜುನಾಥನಿಗೆ ಹೇಳಿದೆ: ಬೆಳಿಗ್ಗೆ ಅಕಿನಿಯನ್ನೂ ಕೂಸನ್ನೂ ಗೇಟಿನ ಹೊರಗಿಂದ ಕಾರಿನಲ್ಲಿ ಕೂರಿಸಿಕೊಂಡು ತಂದುಬಿಡು. ಬಾಣಂತಿ ಕೋಣೆಗೆ ನಾನು ಯಾರನ್ನೂ ಬಿಡುವುದಿಲ್ಲ, ನಿನ್ನನ್ನೇ ಬಿಟ್ಟಿಲ್ಲ. ಅಲ್ಲಿ ಒಂದು ಕೂಸಿದೆಯೋ ಎರಡಿದೆಯೋ ಯಾರಿಗೆ ಗೊತ್ತಾಗಬೇಕು? ಅವನು ಗಾಬರಿಯಾದ. ರೂಲ್ಸು, ಕಂಪನಿಯ ಮನೆ, ಗೊತ್ತಾದರೆ ಖಾಲಿ ಮಾಡಿಸುತ್ತಾರೆ ಎಂದು ಶುರು ಮಾಡಿದ. ನನಗೆ ರೇಗಿತು.

"ನಿಮ್ಮವ್ವ ಶೇಂಗಾ ಕೀಳಾಕೆ ಹೋದಾಗ ನಿನ್ನ ಎದೆಗೆ ಹಾಕ್ಕಂಡೋಳು ಯಾರು ಅಂತ ನಿಮ್ಮವ್ವನ್ನೇ ಕೇಳು. ಆಮ್ಯಾಕೆ ನಂಗೆ ರೂಲ್ಸು ಹೇಳುವಂತೆ."

ಅವನು ಕೇಳಿದನೋ ಇಲ್ಲವೋ ತಿಳಿಯದು. ಮರುದಿನ ಬೆಳಿಗ್ಗೆ ಕಾರಿನ ಹಿಂದಿನ ಸೀಟಿನಿಂದ ಅಕಿನಿ ಇಳಿದಳು, ತರಕಾರಿ ಚೀಲದ ಕೆಳಗೆ ಬಟ್ಟೆಯಲ್ಲಿ ಸುತ್ತಿದ ಬರಾಕಾ. ನನ್ನ ಹಳೆ ಸೀರೆಯಲ್ಲಿ ಇನ್ನೊಂದು ಜೋಲಿ ಕಟ್ಟಿದೆ. ಎರಡು ಕೂಸಿಗೂ ಎಣ್ಣೆ ಹಚ್ಚಿ ನೀರು ಹಾಕಿದೆ, ಎರಡಕ್ಕೂ ಬಜೆ ನೆಕ್ಕಿಸಿದೆ. ಬರಾಕಾ ಬಜೆಯ ಖಾರಕ್ಕೆ ಮುಖ ಕಿವುಚಿ, ಆಮೇಲೆ ನನ್ನನ್ನೇ ದಿಟ್ಟಿಸಿ ನೋಡಿದ. ವಾರ ಕಳೆಯುವುದರೊಳಗೆ ಅವನ ಕೆನ್ನೆ ತುಂಬಿಕೊಂಡಿತು. ಆ ದಿನಗಳಲ್ಲಿ ನಾನು ಅಲ್ಲಿ ಸುಖವಾಗಿದ್ದೆ.

ಹೂವು ತಂದವರು

ಎಸ್ಟೇಟಿನ ಸಂಘದ ಕಾರ್ಯದರ್ಶಿ ಮಗು ನೋಡಲು ಬಂದರು. ಮೊದಲೇ ಫೋನು ಮಾಡಿ, ಸಮಯ ಹೇಳಿ, ಬಿಳಿ ಹೂವಿನ ಗೊಂಚಲು ಹಿಡಿದುಕೊಂಡು ಬಂದರು. ಒಳ್ಳೆಯ ಹೆಂಗಸು. ಮೆಲುದನಿ, ಮೆಲುನಗು. ಪವಿತ್ರಾ ಪಡಸಾಲೆಯಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅಕಿನಿ ಚಹಾ ತಂದಳು.

ಆಗ ಕೋಣೆಯಲ್ಲಿ ಬರಾಕಾ ಎದ್ದ. ಮೊದಲು ಕೊಂಯ್ ಎಂದ. ಆಮೇಲೆ ಗಂಟಲು ಬಿಚ್ಚಿ ಅಳಲು ಶುರು ಮಾಡಿದ. ಅವನ ಅಳು ಅಂದರೆ ಅಳು, ಹತ್ತು ಮನೆಗೆ ಕೇಳುವಂಥದು. ಪವಿತ್ರಾಳ ಮಗು ಅವಳ ತೊಡೆಯ ಮೇಲೆ ಕಣ್ಣು ಬಿಟ್ಟುಕೊಂಡು ಸುಮ್ಮನೆ ಇತ್ತು. ಅಕಿನಿಯ ಕೈಯ ತಟ್ಟೆಯಲ್ಲಿ ಕಪ್ಪುಗಳು ಒಂದಕ್ಕೊಂದು ತಗುಲಿ ಸದ್ದು ಮಾಡಿದವು.

ಕಾರ್ಯದರ್ಶಿ ಆ ಕಪ್ಪುಗಳ ಸದ್ದಿಗೆ ತಲೆಯೆತ್ತಿ ನೋಡಿದರು. ಆ ಸಣ್ಣ ಸದ್ದು ಅವರಿಗೆ ಕೇಳಿಸಿತು. ಒಂದು ಕಪ್ಪು ತೆಗೆದುಕೊಂಡರು, ಗುಟುಕರಿಸಿದರು. ಬರಾಕಾ ಬಿಕ್ಕಿ ಬಿಕ್ಕಿ ಅಳುತ್ತಲೇ ಇದ್ದ. ಅವರು ಸುತ್ತ ನೋಡಿ, ನಿಟ್ಟುಸಿರು ಬಿಟ್ಟು, ನಿಮ್ಮ ಮನೆ ಎಷ್ಟು ಶಾಂತವಾಗಿದೆ, ಮಗು ಇರುವ ಮನೆ ಎಂದು ಅನ್ನಿಸುವುದೇ ಇಲ್ಲ ಎಂದರು. ಪವಿತ್ರಾ ಅದನ್ನು ನನಗೆ ಕನ್ನಡದಲ್ಲಿ ಹೇಳಿದಳು. ಅವಳ ರವಿಕೆ ಒದ್ದೆಯಾಗಿತ್ತು.

ಅವರು ಹೋದ ಮೇಲೆ ನಾವು ನಕ್ಕೆವು. ಗಂಡಾಂತರ ತಪ್ಪಿತಲ್ಲ ಎಂಬ ನಗು ಅದು. ಅವರಿಗೆ ಕೇಳಿಸದಿದ್ದರೆ ನಮಗೇ ಒಳ್ಳೆಯದು ಎಂದು ನಾನೇ ಅಂದೆ. ಅಕಿನಿ ನಗಲಿಲ್ಲ. ಬರಾಕಾನನ್ನು ಎದೆಗವಚಿಕೊಂಡು, ಅವನ ಬಾಯನ್ನೇ ನೋಡುತ್ತಾ ಕೂತಿದ್ದಳು.

ಫೋನು

ಪವಿತ್ರಾಳ ಮಗುವಿಗೆ ಲಸಿಕೆ ಹಾಕಿಸುವ ದಿನ. ಗಂಡ ಹೆಂಡತಿ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋದರು. ಅಕಿನಿ ಬರಾಕಾನನ್ನು ಜೋಲಿಯಲ್ಲಿ ಮಲಗಿಸಿ, ನೋಡ್ಕೋ ಮಾಮಾ ಎಂದು ಸನ್ನೆ ಮಾಡಿ, ಬಟ್ಟೆ ಒಣಹಾಕಲು ಮಾಳಿಗೆಗೆ ಹೋದಳು. ನಾನು ಕೋಣೆಯ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಓಮ ಆರಿಸುತ್ತಿದ್ದೆ. ಹೊರಗೆ ಕಾರಂಜಿ ಶುರುವಾಯಿತು, ನಿಂತಿತು. ಮನಸ್ಸಿಗೆ ಬಹಳ ಹಿತವಾಗಿತ್ತು. ಈ ಊರು ಅಷ್ಟೇನೂ ಕೆಟ್ಟದ್ದಲ್ಲ ಎಂದುಕೊಂಡೆ. ಹುಂಜ ಕೂಗಿದ್ದು ಕೇಳಿ ಬಹಳ ದಿನವಾಯಿತಲ್ಲ ಎಂದೂ ಅನ್ನಿಸಿತು. ಮಾರಿರಬೇಕು, ಅಥವಾ ಕೊಯ್ದಿರಬೇಕು ಎಂದುಕೊಂಡೆ.

ಯಜಮಾನರು ಫೋನು ಮಾಡಿದರು. ಅಂಗಡಿಯ ಸಮಾಚಾರ ಹೇಳುತ್ತಿದ್ದವರು ನಡುವೆ ನಿಲ್ಲಿಸಿದರು.

"ಯಾವ ಕೂಸೇ ಅದು, ಹಂಗ್ ಅಳ್ತಾ ಐತೆ? ಮೊದ್ಲು ಎತ್ಕಳ್ಳೇ."

"ಇಲ್ಲಿ ಯಾವ ಕೂಸೂ ಇಲ್ಲ, ಆಸ್ಪತ್ರೆಗೆ ಹೋಗೈತೆ" ಎಂದೆ.

ನಾನು ಹಾಗೆ ಅಂದೆ. ಅಂದು, ಓಮದಲ್ಲಿದ್ದ ಒಂದು ಕಲ್ಲನ್ನು ಆರಿಸಿ ಪಕ್ಕಕ್ಕಿಟ್ಟೆ. ಫೋನಿನಲ್ಲಿ ಅವರು ಇನ್ನೂ ಏನೋ ಕೂಗುತ್ತಿದ್ದರು. ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಅಕಿನಿ ನನ್ನ ಮೊಣಕಾಲಿಗೆ ಬಡಿದುಕೊಂಡೇ ಕೋಣೆಗೆ ನುಗ್ಗಿದಳು. ಆಗ ತಿರುಗಿ ನೋಡಿದೆ.

ಬರಾಕಾ ಜೋಲಿಯಿಂದ ಅರ್ಧ ಜಾರಿದ್ದ. ನನ್ನ ಸೀರೆಯ ಅಂಚು ಅವನ ಕುತ್ತಿಗೆಯ ಕೆಳಗೆ ಸಿಕ್ಕಿಕೊಂಡಿತ್ತು. ಮುಖ ಕಪ್ಪಿಟ್ಟಿತ್ತು. ಬಾಯಿ ಪೂರ್ತಿ ತೆರೆದಿತ್ತು. ಅಕಿನಿ ಅವನನ್ನು ಬಿಡಿಸಿ, ಬೋರಲು ಹಾಕಿಕೊಂಡು ಬೆನ್ನು ತಟ್ಟಿದಳು. ಅವನ ಎದೆ ಏರಿ ಇಳಿಯಿತು, ಕಾಲು ಜಾಡಿಸಿದ, ಕಣ್ಣಿಂದ ನೀರು ಸುರಿಯಿತು. ಉಸಿರು ಬಂತು, ಜೀವಕ್ಕೆ ಏನೂ ಆಗಲಿಲ್ಲ. ಅವನು ಅಳುತ್ತಿದ್ದಾನೆ ಎಂದು ನನಗೆ ಗೊತ್ತಾಗಿದ್ದು ಬಾಯಿ ನೋಡಿ. ನಾನಿದ್ದದ್ದು ಮಾರು ದೂರದಲ್ಲಿ, ಕೋಣೆಯಲ್ಲಿ ಸದ್ದೇ ಇರಲಿಲ್ಲ.

ಅಕಿನಿ ನನ್ನ ಮುಖ ನೋಡಿದಳು. ಬೈಯುತ್ತಾಳೆ ಎಂದು ಕಾದೆ. ಅವಳಿಗೆ ಅರ್ಥವಾಗಿಬಿಟ್ಟಿತ್ತು.

"ನೀನೂನಾ, ಮಾಮಾ" ಎಂದಳು, ತನ್ನ ಮುರುಕು ಇಂಗ್ಲಿಷಿನಲ್ಲಿ. ಅವಳ ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಅವಳು ಮುಂಬಾಗಿಲಿನಿಂದಲೇ ಹೊರಟಳು. ರಸ್ತೆಯ ನಟ್ಟನಡುವೆ ನಡೆದಳು. ಕಾವಲುಗಾರರು ಇದ್ದರು, ಒಂದು ಕಾರು ಎದುರಿಗೆ ಬಂತು. ಯಾರೂ ತಡೆಯಲಿಲ್ಲ, ತಿರುಗಿಯೂ ನೋಡಲಿಲ್ಲ. ನಾವು ಅಷ್ಟು ದಿನ ತರಕಾರಿ ಚೀಲದ ಕೆಳಗೆ ಅವನನ್ನು ಮುಚ್ಚಿಟ್ಟಿದ್ದೇ ದಂಡ. ಅವಳು ಮತ್ತೆ ಕೆಲಸಕ್ಕೆ ಬರಲಿಲ್ಲ. ಮಂಜುನಾಥ ಆಚೆ ಹೋಗಿ ವಿಚಾರಿಸಿದ, ಆ ದೇಶದ ಪಶ್ಚಿಮದಲ್ಲಿರುವ ದೊಡ್ಡ ಸರೋವರದ ಕಡೆ ತವರಿಗೆ ಹೋದಳಂತೆ, ಮಗು ಚೆನ್ನಾಗಿದೆಯಂತೆ. ಅಷ್ಟು ತಿಳಿದ ಮೇಲೆ ನಾನು ಊಟ ಮಾಡಿದೆ.

ಚಿತ್ರದುರ್ಗ

ವಾಪಸು ಬಂದವಳೇ ದುರ್ಗಕ್ಕೆ ಹೋಗಿ ಕಿವಿ ಡಾಕ್ಟರಿಗೆ ತೋರಿಸಿದೆ. ಗಾಜಿನ ಗೂಡಿನಲ್ಲಿ ಕೂರಿಸಿ, ಕಿವಿಗೆ ಏನೋ ಸಿಕ್ಕಿಸಿ, ಸದ್ದು ಕೇಳಿಸಿದಾಗ ಗುಂಡಿ ಒತ್ತಲು ಹೇಳಿದರು. ಸೊಳ್ಳೆಯ ಹಾಗೆ ಸಣ್ಣಗೆ ಬಂದ ಸದ್ದಿಗೂ ಒತ್ತಿದೆ. ನಿಮ್ಮ ಕಿವಿಯಲ್ಲಿ ಏನೂ ದೋಷವಿಲ್ಲಮ್ಮ ಎಂದರು. ಹೊರಗೆ ಬಂದು ಬೆಂಚಿನ ಮೇಲೆ ಕೂತು ಅತ್ತೆ. ದೋಷವಿದ್ದಿದ್ದರೆ ಔಷಧಿಯಾದರೂ ಇರುತ್ತಿತ್ತು.

ನಮ್ಮ ಮನೆ ಇರುವುದು ಹೊಸದುರ್ಗದ ಅಂಚಿನ ಹೊಸ ಬಡಾವಣೆಯಲ್ಲಿ. ನಾವು ಹೋದ ವರ್ಷ ಹಿಂದಿನ ಕಾಂಪೌಂಡು ಎತ್ತರಿಸಿದೆವು. ಅದರಾಚೆ ಖಾಲಿ ಸೈಟುಗಳು. ಮಾರನೆಯ ಬೆಳಿಗ್ಗೆ ಹಿತ್ತಿಲಿನಲ್ಲಿ ಹಲ್ಲುಜ್ಜುತ್ತಿದ್ದಾಗ ಗೋಡೆಯ ಮೇಲೆ ಒಂದು ಚೂರು ಬಟ್ಟೆ ಒಣಗುತ್ತಿರುವುದು ಕಂಡಿತು. ಆಚೆ ಕಡೆಯಿಂದ ಯಾರೋ ಹರವಿದ್ದರು. ಹಳೆ ಸೀರೆ ಹರಿದು ಮಾಡಿದ ಚೌಕ, ಕೂಸಿನ ಕೆಳಗೆ ಹಾಕುವಂಥದು. ನನಗೆ ಅದನ್ನು ಗುರುತಿಸಲು ಕನ್ನಡಕ ಬೇಕಿಲ್ಲ.

ಯಜಮಾನರನ್ನು ಕರೆದು, ಹಿಂದೆ ಕೂಸೈತಾ ಎಂದು ಕೇಳಿದೆ. ಯಾವ ಕೂಸು ಎಂದರು. ನೈರೋಬಿಯಲ್ಲಿ ಅತ್ತ ಕೂಸನ್ನು ಹೊಸದುರ್ಗದಲ್ಲಿ ಕೂತು ಕೇಳಿಸಿಕೊಂಡ ಮನುಷ್ಯ. ಇಬ್ಬರೂ ಸುಮ್ಮನೆ ನಿಂತು ಕಿವಿಗೊಟ್ಟೆವು. ದೂರದಲ್ಲಿ ಬಸ್ಸಿನ ಹಾರ್ನು, ಎದುರು ಮನೆಯ ಮಿಕ್ಸಿ. ಬೇರೇನೂ ಇಲ್ಲ.

ಅವರ ಕೈ ಹಿಡಿದುಕೊಂಡು ಹಿತ್ತಿಲ ಬಾಗಿಲಿನ ಚಿಲಕ ತೆಗೆದೆ. ತುಕ್ಕು ಹಿಡಿದಿತ್ತು, ಕಲ್ಲಲ್ಲಿ ಬಡಿಯಬೇಕಾಯಿತು. ಆಚೆ ಕಾಲಿಟ್ಟ ಕೂಡಲೇ ಕಿವಿಗೆ ಅಪ್ಪಳಿಸಿತು. ನಮ್ಮ ಗೋಡೆಗೆ ಒರಗಿಸಿ ಕಟ್ಟಿದ ನೀಲಿ ತಾಡಪಾಲಿನ ಗುಡಿಸಲು. ಬಡಾವಣೆಗೆ ಚರಂಡಿ ತೋಡಲು ಉತ್ತರದ ಕಡೆಯಿಂದ ಬಂದವರು. ಒಳಗೆ ಚಿಕ್ಕ ವಯಸ್ಸಿನ ತಾಯಿ, ತೊಡೆಯ ಮೇಲೆ ಕಾಲು ಮಡಚಿಕೊಂಡು ಕಿರುಚುತ್ತಿರುವ ಕೂಸು. ಯಜಮಾನರ ಮುಖ ಬಿಳುಚಿಕೊಂಡಿತು.

"ಯಾವಾಗಿಂದ ಅಳ್ತಾ ಐತಮ್ಮ ಇದು?" ಎಂದು ಕೇಳಿದರು.

ಅವಳು ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ನಮಗೆ ತೊಂದರೆಯಾಯಿತೇನೋ ಎಂಬಂತೆ ಅಂಜುತ್ತಾ ಹೇಳಿದಳು.

"ಹುಟ್ಟಿದಾಗಿಂದ ಅಳಾಕತ್ತೈತ್ರಿ. ಹೋಳಿ ಹುಣ್ಣಿವಿಗೆ ಇಲ್ಲೇ ಹುಟ್ಟೇತ್ರಿ."

ಹೋಳಿ ಹುಣ್ಣಿಮೆಗೆ ನಾನಿನ್ನೂ ನೈರೋಬಿಗೆ ಹೊರಟಿರಲೇ ಇಲ್ಲ. ಇದೇ ಗೋಡೆಯ ಆ ಬದಿಯಲ್ಲಿ ಕೂತು ಸಾಂಬ್ರಾಣಿ ಪೊಟ್ಟಣ ಕಟ್ಟುತ್ತಿದ್ದೆ.